ಲಾಭ, ಎರಡು, ಮೂರು, ನಾಕು

ಎಲ್ಲ ಅವಾಂತರಕ್ಕೂ ಮೂಲ ನೇತ್ರಾವತಿಯ ಒಂದು ದವಡೆ ಹಲ್ಲು. ಮೂರು ದಿನದಿಂದ ನೋಯುತ್ತಿದ್ದದ್ದು ಸೋಮವಾರ ಸಂಜೆಯ ಹೊತ್ತಿಗೆ ಗಲ್ಲವನ್ನು ಪೂರಿಯಂತೆ ಉಬ್ಬಿಸಿತು. ಮಂಗಳವಾರ ಬೆಳಗಿನ ಬಸ್ಸಿಗೆ ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡು ಬರುವುದೆಂದು ತೀರ್ಮಾನವಾಯಿತು. ತೀರ್ಮಾನವೇನೋ ಸುಲಭ. ಆದರೆ ಮನೆಯಲ್ಲಿ ಐದು ತಿಂಗಳ ನಾಲ್ಕು ಕೂಸುಗಳಿದ್ದವು, ನಾಲ್ಕೂ ಒಂದೇ ಬಸಿರಿನವು. ಅವುಗಳ ಅಜ್ಜಿ ಶಿವಬಸಮ್ಮ ಅಂದೇ ಹುಲಿಗಿಗೆ ಹೊರಟಿದ್ದಳು. ಮೊಮ್ಮಕ್ಕಳು ಉಳಿದರೆ ಐದು ಮಂಗಳವಾರ ಬಂದು ಕಾಯಿ ಒಡೆಸುತ್ತೇನೆಂದು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಳು, ಅಂದು ಐದನೆಯದು. ಹಲ್ಲಿಗಾಗಿ ದೇವಿಯನ್ನು ಕಾಯಿಸುವ ಹೆಂಗಸು ಅವಳಲ್ಲ.

ಹೀಗಾಗಿ ಅಂದು ರಜೆ ಹಾಕಿ ಉಳಿದವನು ಈಶಪ್ಪ, ನಾಲ್ಕರ ತಂದೆ.

ಈಶಪ್ಪ ಯಲಬುರ್ಗಾ–ಕೊಪ್ಪಳ ಬಸ್ಸಿನ ಕಂಡಕ್ಟರ್. ಹದಿಮೂರು ವರ್ಷದ ಸರ್ವಿಸಿನಲ್ಲಿ ತಪಾಸಣೆಯವರು ಎಷ್ಟು ಸಲ ಹತ್ತಿದರೂ ಅವನ ಬಸ್ಸಿನಲ್ಲಿ ಒಂದು ತಲೆ ಹೆಚ್ಚುಕಡಿಮೆ ಸಿಕ್ಕಿರಲಿಲ್ಲ. ತಲೆ ಎಣಿಸುವುದು ಅವನಿಗೆ ಚಟವೇ ಆಗಿಹೋಗಿತ್ತು. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತರೆ ಮೊದಲು ಪಂಕ್ತಿ ಎಣಿಸುತ್ತಿದ್ದ, ಆಮೇಲೆ ಎಲೆಗೆ ಕೈ ಹಾಕುತ್ತಿದ್ದ. ಅಂಥವನಿಗೆ ಸ್ವಂತ ಮಕ್ಕಳನ್ನು ಎಣಿಸುವ ಅಧಿಕಾರ ಇರಲಿಲ್ಲ.

ಕೂಸುಗಳು ಏಳೂವರೆ ತಿಂಗಳಿಗೇ ಹುಟ್ಟಿ ನಲವತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದವು. ಪ್ರತಿ ಬೆಳಿಗ್ಗೆ ಈಶಪ್ಪ ಕಿಟಕಿಗೆ ಮುಖ ಒತ್ತಿ ಎಣಿಸುತ್ತಿದ್ದ. ನಾಲ್ಕು ಎಂದು ಬಂದ ಮೇಲೆಯೇ ಅವನ ಗಂಟಲಲ್ಲಿ ಚಹಾ ಇಳಿಯುತ್ತಿತ್ತು. ಮನೆಗೆ ಕರೆತಂದ ದಿನ ಶಿವಬಸಮ್ಮ ಹೇಳಿಬಿಟ್ಟಳು: "ಈಶ್ಯಾ, ಇನ್ನ ಸಾಕು. ರಾಶಿ ಎಣಸು, ದನ ಎಣಸು, ಮಕ್ಕಳನ್ನ ಎಣಸಬ್ಯಾಡ. ಎಣಸಿದ್ದು ನಿಂದರಂಗಿಲ್ಲ. ಕೊಟ್ಟಾಕಿ ಲೆಕ್ಕ ಇಟ್ಟಿರ್ತಾಳ."

ಓಣಿಯವರೆಲ್ಲ ಆ ನಲವತ್ತು ದಿನ ತಮ್ಮತಮ್ಮ ದೇವರನ್ನು ಬೇಡಿಕೊಂಡಿದ್ದರು. ದುರುಗವ್ವ ಉಪವಾಸ ಮಾಡಿದ್ದಳು, ನಸೀಮಾಬಿ ದರ್ಗಾದಲ್ಲಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿದ್ದಳು. ಎಲ್ಲರೂ ಬೇಡಿಕೊಂಡದ್ದರಿಂದ ಎಲ್ಲರಿಗೂ ಕೂಸುಗಳ ಮೇಲೆ ಹಕ್ಕು ಬಂದಿತ್ತು. ದಿನ ಬೆಳಗಾದರೆ ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ತಮ್ಮ ಮನೆಗೆ ಒಯ್ಯುತ್ತಿದ್ದರು. ಟೇಲರ್ ಮಕ್ಬುಲಸಾಬ, ಅಂದರೆ ನಸೀಮಾಬಿಯ ಗಂಡ, ಹಸಿರು ಬಟ್ಟೆಯ ಮೇಲೆ ಕೆಂಪು ಹೂವಿದ್ದ ಒಂದೇ ತಾನಿನಲ್ಲಿ ನಾಲ್ಕಕ್ಕೂ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿದುಕೊಟ್ಟಿದ್ದ. ಹೊಲಿಗೆ ಕೂಲಿ ಎಂದರೆ, "ಬ್ಯಾಡ್ರಿ, ಉಳಿದ ತುಂಡು ಗಂಗಾವತಿಗೆ ಮಗಳಿಗೆ ಕಳಿಸೀನಿ, ಅದ ಆತು" ಎಂದಿದ್ದ. ಕುಂಚಿಗೆ ತೊಟ್ಟು, ಅಜ್ಜಿ ಧಾರಾಳವಾಗಿ ಬಳಿದ ಕಾಡಿಗೆ ಹಚ್ಚಿಕೊಂಡು ಮಲಗಿದರೆ ಯಾವುದು ಯಾವುದೆಂದು ಹೇಳಲು ನೇತ್ರಾವತಿಯೇ ಬೇಕಾಗುತ್ತಿತ್ತು.

ಇಷ್ಟಾಗಿಯೂ ಮಂಗಳವಾರವನ್ನು ಹೇಗೋ ದಾಟಬಹುದಿತ್ತು. ಆದರೆ ಕುಷ್ಟಗಿಯಿಂದ ಈಶಪ್ಪನ ಅತ್ತೆ ಕಳಕಮ್ಮ ಅಂದೇ ಬರುವವಳಿದ್ದಳು. "ಗಂಡಸಿನ ಕೈಲೆ ಆಗೋದಲ್ಲ ಇದು. ಮಕ್ಕಳು ಅಡ್ಯಾಡೋ ತನಕ ಕುಷ್ಟಗ್ಯಾಗ ಇರ್ಲಿ" ಎಂದು ತಿಂಗಳಿಂದ ಹಟ ಹಿಡಿದಿದ್ದಳು. ನೇತ್ರಾವತಿ ಕೊನೆಗೆ ಸೋಮವಾರ ರಾತ್ರಿ ಫೋನಿನಲ್ಲಿ ತಾಯಿಗೆ, "ಮಂಗಳವಾರ ಬಂದು ನೀನ ನೋಡು. ಅವರು ಒಂದು ದಿನ ಸಂಭಾಳಿಸಿದ್ರ ನಾ ಬರಂಗಿಲ್ಲ. ಆಗಲಿಲ್ಲಂದ್ರ ಮಾತಿಲ್ಲದ ಬರ್ತೀನಿ" ಎಂದಿದ್ದಳು. ಮಕ್ಕಳು ಕುಷ್ಟಗಿಗೆ ಹೋದರೆ ಈಶಪ್ಪನಿಗೆ ವಾರಕ್ಕೊಮ್ಮೆ ಕಂಡರೆ ಕಂಡವು. ಡ್ಯೂಟಿ ಮುಗಿಸಿ ಬಂದು ಕೌದಿಯ ಮೇಲೆ ಸಾಲಾಗಿ ಮಲಗಿದ ಆ ತಲೆಗಳನ್ನು ನೋಡದಿದ್ದರೆ ಅವನಿಗೆ ರೊಟ್ಟಿ ಸೇರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹೊರಡುವಾಗ ನೇತ್ರಾವತಿ ಗಲ್ಲ ಹಿಡಿದುಕೊಂಡೇ ಹೇಳಿದಳು: "ನೋಡ್ರಿ, ಶರಣಬಸವ ದುರುಗವ್ವನ ಕಡೆ ಅದಾನ. ಗೌತಮ ಗೀತಾ ಟೀಚರ್ ಮನ್ಯಾಗ. ಶಾಂಭವಿನ್ನ ನಸೀಮಾಬಿ ಒಯ್ದಾಳ. ಹುಲಿಗೆಪ್ಪ ಇಲ್ಲೇ ಮಲಗ್ಯಾನ. ಮೂರೂವರಿ ಬಸ್ಸಿಗೆ ನಮ್ಮವ್ವ ಬರ್ತಾಳ. ಅಷ್ಟರಾಗ ಎಲ್ಲಾರೂ ಮನ್ಯಾಗ ಇರಬೇಕು."

"ಬಸ್ಸಿನ್ಯಾಗ ಎಂಬತ್ತು ಮಂದಿನ್ನ ಸಂಭಾಳಸ್ತೀನಿ. ಇವು ಯಾವ ಲೆಕ್ಕ?"

"ಬಸ್ಸಿನ ಮಂದಿ ತಾವ ಹತ್ತಿ ತಾವ ಇಳೀತಾರ್ರಿ" ಎಂದು ಹೇಳಿ ನೇತ್ರಾವತಿ ಹೊರಟಳು.

ಅವಳು ಬಸ್ ನಿಲ್ದಾಣ ಮುಟ್ಟುವ ಮೊದಲೇ ಹುಲಿಗೆಪ್ಪ ಎದ್ದ. ಎದ್ದವನು ಓಣಿಗೆಲ್ಲ ಕೇಳುವಂತೆ ಅತ್ತ. ಈಶಪ್ಪ ಹಾಲು ಕುಡಿಸಿದ, ತೊಟ್ಟಿಲು ತೂಗಿದ, ಕೊನೆಗೆ ಬಸ್ಸಿನ ನಿಲುಗಡೆಗಳ ಹೆಸರನ್ನೇ ರಾಗವಾಗಿ ಹಾಡಿದ. ಆರನೆಯ ನಿಲುಗಡೆಗೆ ಕೂಸು ಕಣ್ಣು ಮುಚ್ಚಿತು. ಅದೇ ಹೊತ್ತಿಗೆ ನಸೀಮಾಬಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ಭಾವಾರ, ಶಾಂಭವಿ—"

ಈಶಪ್ಪ ಬಾಯಿಗೆ ಬೆರಳಿಟ್ಟ. ಇನ್ನೊಂದು ಕೈಯಿಂದ ತೊಟ್ಟಿಲು ತೋರಿಸಿ ಅಂಗಲಾಚಿದ. ಆರು ಹೆತ್ತ ನಸೀಮಾಬಿಗೆ ಮಲಗಿದ ಕೂಸಿನ ಬೆಲೆ ಗೊತ್ತಿತ್ತು. ಅವಳು ಸದ್ದಿಲ್ಲದೆ ತೋಳಿನಲ್ಲಿ ಕೂಸು ಆಡಿಸಿದಂತೆ ಮಾಡಿದಳು, ರಸ್ತೆಯ ಕಡೆ ಕೈ ತೋರಿಸಿದಳು, ಕೊನೆಗೆ ಎರಡೂ ಕೈ ಕೊಡವಿ ನಕ್ಕಳು. ಶಾಂಭವಿ ನಮ್ಮಲ್ಲಿ ಆಡುತ್ತಿದ್ದಾಳೆ, ಚಿಂತೆ ಬಿಡಿ ಎನ್ನುತ್ತಿದ್ದಾಳೆಂದು ಈಶಪ್ಪ ತಿಳಿದುಕೊಂಡು, ಬಸ್ಸಿಗೆ ರೈಟ್ ಕೊಡುವಂತೆ ಕೈಯಾಡಿಸಿ ಕಳಿಸಿದ.

ಹತ್ತು ಗಂಟೆಗೆ ಹುಲಿಗೆಪ್ಪ ಮತ್ತೆ ಎದ್ದ. ಈ ಸಲ ದುರುಗವ್ವ ಬಂದಳು, ಬಗಲಲ್ಲಿ ಶರಣಬಸವ. ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ಎರೆಯುವವಳು ಅವಳೇ. ಹಿಂದೆಯೇ ನಿವೃತ್ತ ಟೀಚರ್ ಗೀತಾ ಬಂದರು, ಹೆಗಲ ಮೇಲೆ ಗೌತಮ.

"ಹೊಟ್ಟಿ ನೂಸಾಕತೈತಿ. ಬಜಿ ತೇದು ನೆಕ್ಕಸ್ರಿ" ಎಂದಳು ದುರುಗವ್ವ.

"ಬಜಿಗಿಜಿ ಏನೂ ಬ್ಯಾಡ್ರಿ. ಹೆಗಲ ಮ್ಯಾಲೆ ಹಾಕ್ಕೊಂಡು ಬೆನ್ನು ತಟ್ರಿ" ಎಂದರು ಟೀಚರ್.

"ನಾ ಈ ಓಣ್ಯಾಗ ನೂರು ಕೂಸಿಗೆ ಎರದೀನ್ರಿ ಟೀಚರ!"

"ನಾ ಅವ ನೂರಕ್ಕೂ ಅಕ್ಷರ ಕಲಿಸೀನಿ ದುರುಗವ್ವಾ!"

ಜಗಳ ನೋಡುತ್ತ ಹುಲಿಗೆಪ್ಪ ಅಳು ನಿಲ್ಲಿಸಿದ. ಯಾರ ಮದ್ದಿಗೆ ನಿಂತಿತೆಂದು ಇಬ್ಬರೂ ಇನ್ನಷ್ಟು ವಾದಿಸಿದರು. ಕೊನೆಗೆ ದುರುಗವ್ವ ಅವನನ್ನು ಇನ್ನೊಂದು ಬಗಲಿಗೇರಿಸಿ, "ಇವನಿಗೂ ಎರದು ಮಲಗಸ್ತೀನಿ. ನೀವು ಒಂದು ರೊಟ್ಟಿ ತಿಂದು ಅಡ್ಡಾಗ್ರಿ. ಮಾರಿ ನೋಡ್ಕೊಳ್ರಿ ಕನ್ನಡ್ಯಾಗ" ಎಂದು ಹೊರಟಳು. ಟೀಚರೂ ಗೌತಮನೊಂದಿಗೆ ತಮ್ಮ ಮನೆಗೆ ಹೋದರು.

ಈಶಪ್ಪ ರೊಟ್ಟಿ ತಿಂದ. ಎರಡೇ ನಿಮಿಷವೆಂದು ಚಾಪೆಯ ಮೇಲೆ ಅಡ್ಡಾದ.

ಕಣ್ಣು ತೆರೆದಾಗ ಗಡಿಯಾರದಲ್ಲಿ ಮೂರು ಗಂಟೆ. ಮನೆಯಲ್ಲಿ ಒಂದು ಕೂಸೂ ಇಲ್ಲ. ಅತ್ತೆಯ ಬಸ್ಸಿಗೆ ಅರ್ಧ ತಾಸು. ಚಪ್ಪಲಿ ಮೆಟ್ಟದೆ ಓಡಿದ.

ದುರುಗವ್ವನ ಮನೆಯಲ್ಲಿ ಹುಲಿಗೆಪ್ಪ, ಶರಣಬಸವ ಎರೆಸಿಕೊಂಡು, ಲೋಬಾನದ ಹೊಗೆ ಕುಡಿದು, ಕುಂಚಿಗೆಯೊಳಗೆ ಗಾಢವಾಗಿ ಮಲಗಿದ್ದರು. ಇಬ್ಬರನ್ನೂ ಎರಡು ಹೆಗಲಿಗೆ ಹಾಕಿಕೊಂಡು ಬಂದು ಕೌದಿಯ ಮೇಲೆ ಮಲಗಿಸಿದ. ದುರುಗವ್ವನನ್ನು ಕಾವಲು ಕೂರಿಸಿ ಟೀಚರ್ ಮನೆಗೆ ಓಡಿದರೆ ಅಲ್ಲಿ ಬೀಗ. ಪಕ್ಕದ ಮನೆಯವರು, "ಗಿರಣಿಗೆ ಹೋಗ್ಯಾರ್ರಿ, ಜೋಳ ಬೀಸಾಕ" ಎಂದರು.

ಗಿರಣಿಯಲ್ಲಿ ಹೆಂಗಸರ ಗುಂಪು. ನಡುವೆ ತಕ್ಕಡಿಯ ತಟ್ಟೆಯಲ್ಲಿ ಗೌತಮ, ಮುಖಕ್ಕೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು, ಗಿರಣಿಯ ಸದ್ದಿಗೂ ಎಚ್ಚರವಾಗದೆ ಮಲಗಿದ್ದ.

"ಆರು ಕೆಜಿ ಆಗ್ಯಾನ ನೋಡ್ರಿ!" ಎಂದರು ಗೀತಾ ಟೀಚರ್. "ಜೋಳ ತೂಗಿಸಾಕ ಬಂದಿದ್ದೆ, ಹಂಗ ಇವನನ್ನೂ ತೂಗಿಸಿದೆ."

"ಹುಟ್ಟಿದಾಗ ಒಂದು ಕೆಜಿ ಸೈತ ಇರಲಿಲ್ಲಲ್ಲವ್ವಾ" ಎಂದು ಒಬ್ಬ ಮುದುಕಿ ದೃಷ್ಟಿ ತಾಗದಿರಲೆಂದು ನೆಟಿಗೆ ತೆಗೆದಳು. ಈಶಪ್ಪ ಅಷ್ಟು ಅವಸರದಲ್ಲೂ ಬಗ್ಗಿ ತಕ್ಕಡಿಯ ಮುಳ್ಳನ್ನು ಮತ್ತೊಮ್ಮೆ ನೋಡಿದ. ಆರು ಕೆಜಿ. ಆ ಅಂಕಿಯನ್ನು ಎದೆಗೆ ಒತ್ತಿಕೊಂಡಂತೆ ಕೂಸನ್ನು ಎತ್ತಿಕೊಂಡು ಮನೆಗೆ ಬಂದ.

ಇನ್ನು ಶಾಂಭವಿ. ಮಕ್ಬುಲಸಾಬನ ಹೊಲಿಗೆ ಮಷಿನ್ ಸುಮ್ಮನಿತ್ತು. ಅವನು ನಮಾಜಿಗೆ ಹೋಗಿರಬೇಕು. "ನಸೀಮಾಬೀ" ಎಂದು ಮೆಲ್ಲಗೆ ಕರೆದ, ಉತ್ತರವಿಲ್ಲ. ಬಚ್ಚಲಲ್ಲಿ ಯಾರೋ ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು. ಪಡಸಾಲೆಯ ತೊಟ್ಟಿಲಲ್ಲಿ ಹಸಿರು ಕುಂಚಿಗೆ, ಕೆಂಪು ಹೂವು, ಕಾಡಿಗೆ ಬಳಿದ ಗಲ್ಲ. ಹೆಣ್ಣುಮಕ್ಕಳು ಮೀಯುವ ಹೊತ್ತಿನಲ್ಲಿ ಹೆಚ್ಚು ಕೂಗುವುದು ಮರ್ಯಾದೆಯಲ್ಲವೆಂದು ಮೆಲ್ಲಗೆ ಕೂಸನ್ನು ಎತ್ತಿಕೊಂಡ. ಅದು ಒಂದು ಕಣ್ಣು ತೆರೆದು ಅವನನ್ನು ನೋಡಿ ಮತ್ತೆ ಮಲಗಿತು.

"ಅಪ್ಪನ ಕೈ ಗುರ್ತು ಹಿಡದಿ ಹೌದಲ್ಲವ್ವಾ" ಎಂದು ಈಶಪ್ಪ ದಾರಿಯುದ್ದಕ್ಕೂ ಹಿಗ್ಗಿದ.

ದುರುಗವ್ವನನ್ನು ಕಳಿಸಿ ಎಲ್ಲವನ್ನೂ ಸಾಲಾಗಿ ಮಲಗಿಸಿದ. ಬಾಗಿಲ ಕಡೆ ನೋಡಿದ. ಅವ್ವ ಇರಲಿಲ್ಲ. ಎಣಿಸುವ ಚಟ ತಡೆಯಲಾಗಲಿಲ್ಲ. ಒಂದು ಎಂದರೆ ದೃಷ್ಟಿಯಾದೀತೆಂದು, ಕಣದಲ್ಲಿ ರಾಶಿ ಅಳೆಯುವವರು ಮೊದಲ ಸೇರಿಗೆ ಹೇಳುವಂತೆ ಶುರು ಮಾಡಿದ: "ಲಾಭ, ಎರಡು, ಮೂರು, ನಾಕು."

ಲೆಕ್ಕ ಕೂಡಿತು. ಗೋಡೆಯ ಮೇಲಿನ ಹುಲಿಗೆಮ್ಮನ ಪಟಕ್ಕೆ ಕೈಮುಗಿದು, "ತಾಯಿ, ನೀ ಕೊಟ್ಟಿದ್ದು ನಿನ್ನ ದಯದಿಂದ ಹಂಗ ಐತಿ" ಎಂದ.

ಆಗಲೇ ಕಳಕಮ್ಮ ಬಂದಳು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಅವಳ ಸೀರೆ, ಇನ್ನೊಂದು ಮೊಮ್ಮಕ್ಕಳ ಬಟ್ಟೆ ತುಂಬಿಕೊಳ್ಳಲೆಂದು ತಂದ ಖಾಲಿ ಚೀಲ. ಅವಳು ಕಾಲು ತೊಳೆದು ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಕೌದಿಯನ್ನು ನೋಡಿದಳು. ಅಳುವಿಲ್ಲ, ಗದ್ದಲವಿಲ್ಲ. ಅವಳೂ ಬೆರಳು ಮುಂದೆ ಮಾಡಿ ಎಣಿಸಿದಳು. ಕೊನೆಯ ಕೂಸಿನ ಮೇಲೆ ಬಗ್ಗಿ ನೋಡಿದಾಗ ಅವಳ ಮುಖ ಅರಳಿತು.

"ಇಕಿ ಶಾಂಭವಿ ಹೌದಲ್ರಿ? ಮೂಗು ನೋಡ್ರಿ, ಥೇಟ್ ನಂದ! ನಮ್ಮ ಮನೆತನದ ಮೂಗು ಇದು."

"ಹೌದ್ರಿ ಅತ್ತೆರ" ಎಂದ ಈಶಪ್ಪ. ಅಂದು ಅವನು ಯಾವ ಮೂಗಿಗಾದರೂ ಹೌದೆನ್ನುತ್ತಿದ್ದ.

ಕಳಕಮ್ಮ ನಿಟ್ಟುಸಿರು ಬಿಟ್ಟು ಖಾಲಿ ಚೀಲವನ್ನು ಮಡಚಿದಳು. "ಆತಪ್ಪಾ, ನಾ ಸೋತೆ. ಕೂಸುಗಳನ್ನ ಕುಷ್ಟಗಿಗೆ ಒಯ್ಯಂಗಿಲ್ಲ. ಮಾತಂದ್ರ ಮಾತು. ಐದರ ಬಸ್ಸಿಗೆ ಹೊಳ್ಳಿ ಹೋಗ್ತೀನಿ. ಒಂದು ಕಪ್ ಚಾ ಮಾಡ್ರಿ."

ಈಶಪ್ಪ ಚಹಾಕ್ಕೆ ನೀರಿಟ್ಟ. ಹದಿಮೂರು ವರ್ಷದ ಸರ್ವಿಸಿನಲ್ಲಿ ಅಷ್ಟು ಸುಖದ ದಿನ ಇರಲಿಲ್ಲ. ನೀರು ಕುದಿಯುವ ಮೊದಲೇ ಹೊಸ್ತಿಲಲ್ಲಿ ನೆರಳು ಬಿತ್ತು. ನೇತ್ರಾವತಿ ಬಂದಿದ್ದಳು. ಬಾಯಲ್ಲಿ ಹತ್ತಿ, ಕೈಯಲ್ಲಿ ಔಷಧದ ಚೀಟಿ, ಹೆಗಲ ಮೇಲೆ ಹಸಿರು ಕುಂಚಿಗೆಯಲ್ಲಿ ಶಾಂಭವಿ.

ಕಳಕಮ್ಮನ ಬೆರಳು ತಾನಾಗಿ ಮೇಲೆದ್ದಿತು. "ಲಾಭ, ಎರಡು, ಮೂರು, ನಾಕು..." ಎಂದು ಕೌದಿ ಮುಗಿಸಿ, ಮಗಳ ಹೆಗಲ ಮೇಲೆ ಬಂದು ನಿಂತಿತು. "ಐದು."

ನೇತ್ರಾವತಿ ಹತ್ತಿಯ ಬಾಯಲ್ಲಿ "ಹ್ಞೂಂ? ಹ್ಞೂಂ?" ಎಂದಳೇ ಹೊರತು ಏನೂ ಹೇಳಲಾಗಲಿಲ್ಲ. ಹೇಳಬೇಕಾದದ್ದನ್ನು ಓಣಿಯೇ ಹೇಳಿತು. "ಯಾ ಅಲ್ಲಾ, ನನ್ನ ಮಗಾ!" ಎಂದು ಒದ್ದೆ ಕೂದಲಲ್ಲಿ ರಜಿಯಾಬೇಗಂ ಓಡಿಬಂದಳು. ಮಕ್ಬುಲಸಾಬನ ಮಗಳು, ಮಧ್ಯಾಹ್ನದ ಬಸ್ಸಿಗೆ ಗಂಗಾವತಿಯಿಂದ ತವರಿಗೆ ಬಂದು, ಅಪ್ಪ ಕಳಿಸಿದ್ದ ಅದೇ ಬಟ್ಟೆಯ ಕುಂಚಿಗೆ ತೊಡಿಸಿ ಕೂಸನ್ನು ಮಲಗಿಸಿ ಮೀಯಲು ಹೋಗಿದ್ದಳು. ಹಿಂದೆ ನಸೀಮಾಬಿ, ಅವಳ ಹಿಂದೆ ಕೊರಳಲ್ಲಿ ಟೇಪು ಹಾಕಿಕೊಂಡ ಮಕ್ಬುಲಸಾಬ, ಅವನ ಹಿಂದೆ ಇಡೀ ಓಣಿ.

"ಬೆಳಿಗ್ಗೆನ ಹೇಳಾಕ ಬಂದಿದ್ನೆಲ್ರಿ ಭಾವಾರ!" ಎಂದು ನಸೀಮಾಬಿ ಹಣೆ ಬಡಿದುಕೊಂಡಳು. "ಶಾಂಭವಿ ಅಳು ನಿಂದರಸಲಿಲ್ಲ, ಬಸ್‌ಸ್ಟ್ಯಾಂಡಿಗೆ ಓಡಿ ತಾಯಿ ಕೈಯಾಗ ಕೊಟ್ಟು ಬಂದೀನಿ ಅಂತ. ನೀವು ಬಾಯಿ ಬಿಡಾಕರ ಬಿಟ್ರೇನು?"

ರಜಿಯಾಬೇಗಂ ಮಗನನ್ನು ಎದೆಗವಚಿಕೊಂಡು ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ಅವಳಿಗೇ ನಗು ಬಂತು. ಮಕ್ಬುಲಸಾಬ ಕೈಮುಗಿದು ಕೇಳಿದ:

"ಕಂಡಕ್ಟರ್ ಸಾಹೇಬ್ರ, ದೇವರು ನಿಮಗ ಒಮ್ಮೆಗೇ ನಾಕು ಕೊಟ್ಟಾನ. ನಮಗ ಕೊಟ್ಟಿದ್ದ ಒಂದು ಮೊಮ್ಮಗ. ಅದೂ ಬೇಕಾತೇನ್ರಿ?"

ಓಣಿಗೆ ಓಣಿಯೇ ನಕ್ಕಿತು. ಈಶಪ್ಪ ತಲೆ ತಗ್ಗಿಸಿ ನಿಂತ. ತಲೆಯ ಲೆಕ್ಕವೇನೋ ಸರಿಯಾಗಿತ್ತು, ಪ್ರಯಾಣಿಕ ಮಾತ್ರ ಬೇರೆಯವನಾಗಿದ್ದ. ಕಳಕಮ್ಮ ತನ್ನ ಮನೆತನದ ಮೂಗಿನ ವಿಷಯ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಶಿವಬಸಮ್ಮ ಹುಲಿಗಿಯಿಂದ ಬಂದಳು. ಗದ್ದಲವನ್ನೆಲ್ಲ ಕೇಳಿಸಿಕೊಂಡು ಮಗನಿಗೆ ಒಂದೇ ಪ್ರಶ್ನೆ ಹಾಕಿದಳು: "ಎಣಸಿದೇನಲೇ?"

ಈಶಪ್ಪ ಗೋಡೆಯ ಮೇಲಿನ ಪಟದ ಕಡೆ ಕಣ್ಣು ಹೊರಳಿಸಿದ. ಅವಳು ದೇವಿಯ ಅರಿಶಿನ ಭಂಡಾರದ ಪೊಟ್ಟಣ ಬಿಚ್ಚಿ ನಾಲ್ಕು ಮೊಮ್ಮಕ್ಕಳ ಹಣೆಗೆ ಹಚ್ಚಿದಳು, ಐದನೆಯದಾಗಿ ರಜಿಯಾಬೇಗಂಳ ಮಗನಿಗೂ ಹಚ್ಚಿದಳು. "ಎಲ್ಲಾ ಆಕಿ ಕೊಟ್ಟಿದ್ದ" ಎಂದು ಹೇಳಿ, ಕೈಯಲ್ಲಿ ಉಳಿದದ್ದನ್ನು ಮಗನ ನೆತ್ತಿಗೆ ಒರೆಸಿದಳು.

ಓಣಿ ಚದುರಿತು. ಕಳಕಮ್ಮ ತನ್ನ ಚೀಲ ಎತ್ತಿಕೊಂಡಳು. ಕೊಟ್ಟ ಮಾತು ಮುರಿಯುವಳೋ ಏನೋ ಎಂದು ಈಶಪ್ಪ ಅವಳ ಹಿಂದೆಯೇ ಹೋದ.

"ಅತ್ತೆರ, ಮಕ್ಕಳನ್ನ ಒಯ್ಯಂಗಿಲ್ಲ ಅಂದೀರಿ..."

"ಅಂದೀನಿ. ಒಯ್ಯಂಗಿಲ್ಲ. ಕಳಕಮ್ಮನ ಮಾತು ಎರಡಾಗಂಗಿಲ್ಲ." ಅವಳು ಒಳಗೆ ಹೋಗಿ ಚೀಲವನ್ನು ಗೂಟಕ್ಕೆ ಹಾಕಿ, ಸೀರೆಗಳನ್ನು ತೆಗೆದು ಈಶಪ್ಪನ ಯೂನಿಫಾರ್ಮ್ ಪಕ್ಕಕ್ಕೆ ನೇತುಹಾಕಿದಳು. "ನಾನ ಇಲ್ಲಿ ಇರ್ತೀನಿ."

"ಎಷ್ಟು ದಿನಾ... ಅಂದ್ರ, ಎಲ್ಲಿ ತನಕ್ರಿ?"

ಕಳಕಮ್ಮ ಕೌದಿಯ ಮೇಲೆ ಕುಳಿತು ಶಾಂಭವಿಯನ್ನು ತೊಡೆಗೆ ಹಾಕಿಕೊಂಡಳು.

"ಅವು ನಾಕೂ ತಮ್ಮನ್ನ ತಾವ ಎಣಿಸ್ಕೊಳ್ಳಾಕ ಕಲಿಯೋ ತನಕ."