ದೊಡ್ಡಾಸ್ಪತ್ರೆಯೋ, ನರ್ಸಮ್ಮನೋ

ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿದವರಿಗೆ ಒಂದು ತೊಂದರೆಯಿದೆ. ಯಾವ ಪ್ರಶ್ನೆ ಕೇಳಿದರೂ ಎರಡು ಉತ್ತರ ಹೊಳೆಯುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ, ಮನೆಯಲ್ಲಿ ಸಿಗುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪತ್ರಿಕೆಗಳಲ್ಲೆಲ್ಲ ದೇಶದ ವೈದ್ಯವ್ಯವಸ್ಥೆಯನ್ನೇ ಹೊಸದಾಗಿ ಕಟ್ಟುವ ಮಾತು. ನಮ್ಮ ಮುಳಬಾಗಿಲಿಗೂ ಒಬ್ಬ ಅಧಿಕಾರಿಗಳು ಜನಾಭಿಪ್ರಾಯ ಕೇಳಲು ಬರುವವರಿದ್ದರು. ಹೆಂಗಸರ ಪರವಾಗಿ ನಾನು ಮಾತಾಡುತ್ತೇನೆಂದು, ವಕೀಲರಾದ ನಮ್ಮ ತಂದೆ ನನ್ನನ್ನು ಕೇಳದೆಯೇ ಒಪ್ಪಿಕೊಂಡು ಬಂದರು. ಅವರು ಕೇಳಲಿದ್ದ ಪ್ರಶ್ನೆ ಇದು: ಇರುವ ಹಣದಲ್ಲಿ ಕೋಲಾರದ ಆಸ್ಪತ್ರೆಯನ್ನು ದೊಡ್ಡದು ಮಾಡುವುದೇ, ಇಲ್ಲ ಹೋಬಳಿಗೊಬ್ಬ ನರ್ಸಮ್ಮನನ್ನು ಕೊಡುವುದೇ? ಎರಡೂ ಆಗುವುದಿಲ್ಲ. ಮೊದಲನೆಯದಾದರೆ ನಮ್ಮೂರಿನ ನರ್ಸಮ್ಮನೂ ಕೋಲಾರಕ್ಕೇ.

ನನಗೆ ಇದು ಬರಿಯ ಪ್ರಶ್ನೆಯಾಗಿರಲಿಲ್ಲ. ನಮ್ಮಣ್ಣನ ಹೆಂಡತಿ ತುಂಬು ಬಸುರಿ. ಹಿಂದಿನ ಸಲ ನರ್ಸಮ್ಮ ಸಕಾಲಕ್ಕೆ ಬಂದು, ಇದು ತಮ್ಮ ಕೈಯಲ್ಲಾಗುವುದಲ್ಲ, ಕೋಲಾರಕ್ಕೆ ಹೊರಡಿ ಎಂದಿದ್ದರು. ಪೆಟ್ರೋಲು ಸಿಗದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಅತ್ತಿಗೆ ಉಳಿದರು, ಮಗು ಉಳಿಯಲಿಲ್ಲ. ಬಸ್ಸಿನಲ್ಲಿ ನರ್ಸಮ್ಮ ಜೊತೆಗಿದ್ದುದಕ್ಕೆ ತಾಯಿಯಾದರೂ ಉಳಿದಳು ಎಂದು ಅಮ್ಮ. ಮೊದಲೇ ಡಾಕ್ಟರ ಕೈಗೆ ಸಿಕ್ಕಿದ್ದರೆ ಮಗುವೂ ಉಳಿಯುತ್ತಿತ್ತು ಎಂದು ತಂದೆ. ಅಮ್ಮ ಮಾತಾಡುವಾಗ ನನಗೆ ಅಮ್ಮ ಸರಿ, ತಂದೆ ಮಾತಾಡುವಾಗ ತಂದೆ ಸರಿ.

ಸಭೆಗೆ ಹೆಂಗಸರು ತುಂಬಾ ಬಂದರು. ಎಲ್ಲರ ಕೈಯಲ್ಲೂ ಖಾಲಿ ಸೀಸೆ. ಆಸ್ಪತ್ರೆಯಲ್ಲಿ ಔಷಧಿ ಅವರದು, ಸೀಸೆ ನಮ್ಮದು, ಅದು ರೂಢಿ. ಇಷ್ಟು ದೊಡ್ಡ ಅಧಿಕಾರಿಗಳೇ ಬರುತ್ತಾರೆಂದ ಮೇಲೆ ಔಷಧಿಯೂ ಧಾರಾಳವಾಗಿರಬೇಕೆಂದು ಕೆಲವರು ಎಣ್ಣೆಯ ಬಾಟಲಿಯನ್ನೇ ತೊಳೆದು ತಂದಿದ್ದರು. ನಾನು ಎರಡು ಪಕ್ಷವನ್ನೂ ನ್ಯಾಯವಾಗಿ ವಿವರಿಸಿದೆ. ದೊಡ್ಡಾಸ್ಪತ್ರೆ ಬೇಕೆನ್ನುವವರು ಕೈಯೆತ್ತಿ ಎಂದರು ಅಧಿಕಾರಿಗಳು. ಸೀಸೆಗಳೆಲ್ಲ ಮೇಲೆದ್ದವು. ನರ್ಸಮ್ಮ ಬೇಕೆನ್ನುವವರು? ಅವೇ ಸೀಸೆಗಳು. ಗೌನಿಪಲ್ಲಿಯಿಂದ ಮಗಳ ಮನೆಗೆ ಬಂದಿದ್ದ ಮುದುಕಿಯೊಬ್ಬಳು ಮುಂದೆಯೇ ಕೂತಿದ್ದಳು. ಒಂದಕ್ಕೆ ಮಾತ್ರ ಕೈಯೆತ್ತಬೇಕೆಂದು ಅವಳಿಗೆ ತಿಳಿಯಹೇಳಿದೆ.

"ಏನಮ್ಮಾ, ಜ್ವರಕ್ಕೆ ಕೊಟ್ರೆ ಹೊಟ್ಟೆನೋವಿಗೆ ಕೊಡಲ್ಲ ಅಂತೀಯಾ? ನಂಗೆ ಯಾವ್ದು ಬರ್ತೈತೋ ಈಗ್ಲೇ ಹೆಂಗ್ ಹೇಳ್ಲಿ?"

ಅಧಿಕಾರಿಗಳು ನನ್ನತ್ತ ತಿರುಗಿ, ಓದಿದವರು ನೀವಾದರೂ ಒಂದು ಹೇಳಿ ಎಂದರು. ಕೋಲಾರದವರೆಗೆ ಹೋಗಲಾರದವರೇ ಹೆಚ್ಚು, ಆದ್ದರಿಂದ ನರ್ಸಮ್ಮನೇ ಬೇಕು ಎಂದೆ. ಚಪ್ಪಾಳೆಯೂ ಆಯಿತು.

ಮನೆಗೆ ಬಂದಾಗ ಅತ್ತಿಗೆ ಗೋಡೆಗೊರಗಿ ಕೂತಿದ್ದರು.

"ಊರಿಗೆಲ್ಲ ಹೇಳಿ ಬಂದ್ಯಲ್ಲ, ನಂಗೂ ಹೇಳೇ ಶಾರದಾ. ನಾನೆಲ್ಲಿಗೆ ಹೋಗ್ಲಿ?"

"ಕೋಲಾರಕ್ಕೆ, ಅತ್ತಿಗೆ. ನಾಳೇನೇ ಹೊರಡೋಣ."

ಒಂದೇ ಉತ್ತರ ಹೊಳೆದದ್ದು ಜೀವಮಾನದಲ್ಲಿ ಅದೇ ಮೊದಲು. ಈಗ ಕೋಲಾರದಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದು, ಅತ್ತಿಗೆಗೆ ನೋವು ಬರುವುದನ್ನೇ ಕಾಯುತ್ತಿದ್ದೇವೆ. ನಿನ್ನೆ ಪರೀಕ್ಷಿಸಿದ ಡಾಕ್ಟರಮ್ಮ, ಈ ಸಲ ಮಗು ಸರಿಯಾಗಿದೆ, ಇದಕ್ಕೆ ನಿಮ್ಮೂರಿನ ನರ್ಸಮ್ಮನೇ ಸಾಕಾಗಿತ್ತು, ಇಷ್ಟು ದೂರ ಬರಬೇಕೆಂದು ಯಾರು ಹೇಳಿದರು ಎಂದು ಕೇಳಿದರು. ಊರಿಗೆ ನರ್ಸಮ್ಮನೇ ಸಾಕೆಂದು ಸಭೆಯಲ್ಲಿ ವಾದಿಸಿದವಳು ಹೇಳಿದಳೆಂದು ಅತ್ತಿಗೆ ನನ್ನತ್ತ ಕೈ ತೋರಿಸಿದರು.