ಇಟಲಿಯ ಪೈಲ್ವಾನ, ಧಾರವಾಡದ ಕಂಠ

ನಮ್ಮ ಭಾವನ ಗಂಟಲೊಳಗೆ ಒಬ್ಬ ಪೈಲ್ವಾನ, ಮೂವರು ರಾಣಿಯರು, ಒಬ್ಬ ಕಪಟಿ ಮಂತ್ರಿ ಮತ್ತು ಒಂದು ಸಿಂಹ ಸಂಸಾರ ಹೂಡಿದ್ದಾರೆ. ಇಷ್ಟು ಮಂದಿ ಒಂದೇ ಕಡೆ ಸೇರಿದರೆ ಗಂಟಲು ಕೆಡದೆ ಇನ್ನೇನಾದೀತು ಹೇಳಿ!

ಭಾವನೆಂದರೆ ನನ್ನ ಅಕ್ಕನ ಗಂಡ. ಮನೆ ಅಮೆರಿಕದ ಡಬ್ಲಿನ್‌ನಲ್ಲಿ, ನಾಲಿಗೆ ಇನ್ನೂ ಧಾರವಾಡದಲ್ಲಿ. ಅವರಿಗೆ ಹಳೆಯ ಇಟಲಿ ಸಾಹಸ ಸಿನಿಮಾಗಳ ಹುಚ್ಚು. ಎಣ್ಣೆ ಮೆತ್ತಿದ ಮೈ, ಮೊಣಕಾಲು ಮುಟ್ಟದ ಬಟ್ಟೆ, ಕೈಯಲ್ಲಿ ಕತ್ತಿ, ಕಾಲಲ್ಲಿ ಚಪ್ಪಲಿ! ನಾನೋ ಹುಟ್ಟು ಪುಕ್ಕಲ. ನಾಯಕ ಬಂಡೆ ಎತ್ತಿದರೆ ನನಗೆ ಅವನ ಸೊಂಟದ ಚಿಂತೆ.

‘ಭಾವ, ಉಳುಕಿಬಿಟ್ರೆ?’

‘ಸುಮ್ನ ಕುಂಡ್ರಪಾ, ಅದು ಥರ್ಮೊಕೋಲು!’

ಒಂದೇ ಸಿನಿಮಾದ ನಾಲ್ಕು ದೇಶದ ಪ್ರತಿಗಳು ಅವರಲ್ಲಿವೆ. ಗಡಿ ದಾಟಿದಂತೆಲ್ಲ ಚಿತ್ರದ ಹೆಸರು ಬೇರೆ, ಉದ್ದ ಬೇರೆ. ಅಮೆರಿಕಕ್ಕೆ ಬಂದಿಳಿದರಂತೂ ನಾಯಕನ ಹೆಸರೇ ಬೇರೆ! ‘ಅನ್ಯಾಯ ಅಲ್ವಾ?’ ಎಂದೆ.

‘ನನ್ನ ಹೆಸರನ್ನ ಆಫೀಸಿನಾಗ ಕತ್ತರಿಸಿ ಎರಡಕ್ಷರ ಮಾಡ್ಯಾರ. ಇವಂಗ ಹೊಸಾದಾದ್ರೂ ಪೂರಾ ಕೊಟ್ಟಾರಲ್ಲೋ!’

ನಟರು ಬಾಯಿ ಆಡಿಸುವುದು ಒಂದು ಭಾಷೆಗೆ, ನಮಗೆ ಕೇಳಿಸುವುದು ಇಂಗ್ಲಿಷು. ‘ತುಟಿ ಹೆಂಗೂ ಕೂಡಂಗಿಲ್ಲ. ಮತ್ತ ನಮ್ಮ ಕನ್ನಡ ಏನ್ ಪಾಪ ಮಾಡೇತಿ?’ ಎಂದು ಭಾವ ಶನಿವಾರ ಮಧ್ಯಾಹ್ನ ಟೀವಿಯ ಸದ್ದಡಗಿಸಿ ಎಲ್ಲರ ಮಾತನ್ನೂ ತಾವೇ ಆಡುತ್ತಾರೆ.

‘ರಾಣೀ, ರೊಟ್ಟಿ ಬಡದೀಯೇನು? ಸಿಂಹಾ ಹೊಡದ ಬಂದೇನಿ, ಹೊಟ್ಟಿ ಹಸದೈತಿ!’

ಅಡುಗೆಮನೆಯಿಂದ ಅಕ್ಕ: ‘ಮೊದಲು ಕೈ ತೊಳೀರಿ, ಸಿಂಹ ಮುಟ್ಟಿದ ಕೈ!’

ಹೋದ ತಿಂಗಳು ಪಾಲೋ ಆಲ್ಟೋದ ಡಾಕ್ಟರು ಆ ಗಂಟಲಲ್ಲೊಂದು ಗಂಟು ಕಂಡರು. ತೆಗೆಯಬೇಕು, ಎರಡು ವಾರ ಪಿಟಕ್ಕೆನ್ನಬಾರದು, ದನಿ ಮೊದಲಿನಂತೆಯೇ ಮರಳುತ್ತದೆಂದು ಭರವಸೆ ಕೊಡಲಾರೆ ಎಂದರು. ಆಪರೇಷನ್ನಿಗೆ ಕಾರು ಓಡಿಸಿದವನು ನಾನು. ಫ್ರೀವೇ ಉದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ ಕನ್ನಡಿಯಲ್ಲಿ ಭಾವನನ್ನೇ ನೋಡುತ್ತಿದ್ದೆ. ಹಿಂದಿನ ಸೀಟಿನಿಂದ ರಾಣಿಯ ದನಿ ಬಂತು: ‘ಅಳಬ್ಯಾಡೋ ವೀರಾ, ಮುಂದ ನೋಡಿ ಗಾಡಿ ಹೊಡಿ!’ ಪಕ್ಕದಲ್ಲಿದ್ದ ಅಕ್ಕ ನಗಲಿಲ್ಲ.

ಮುಂದಿನ ಶನಿವಾರ ಹೋದಾಗ ಟೀವಿಯೂ ಮೂಕ, ಭಾವನೂ ಮೂಕ. ತಡೆಯಲಾರದೆ ನಾನೇ ನಾಯಕನಿಗೆ ದನಿ ಕೊಟ್ಟೆ. ಎರಡು ಮಾತಾಗಿತ್ತೋ ಇಲ್ಲವೋ, ಭಾವನಿಂದ ಚೀಟಿ ಬಂತು: ‘ಇವ ಮೈಸೂರಿನಂವ ಆದ. ಸಿಂಹಕ್ಕ ಸಾರಿ ಕೇಳತಾನ.’

ಅಕ್ಕ ಕೈ ಒರೆಸಿಕೊಂಡು ಬಂದು ಭಾವನ ಪಕ್ಕ ಕೂತಳು. ‘ಸರಿಯೋ ಆ ಕಡೆ’ ಎಂದು ನನ್ನನ್ನು ತಳ್ಳಿ, ಮಂತ್ರಿಯಾಗಿ ಗದರಿದಳು, ರಾಣಿಯಾಗಿ ಬಿಕ್ಕಿದಳು. ಇಷ್ಟು ವರ್ಷ ಒಗ್ಗರಣೆ ಸದ್ದಿನ ನಡುವೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳಲ್ಲ! ಆದರೆ ನಾಯಕ ಬಾಯಿ ತೆರೆದಾಗಲೆಲ್ಲ ಸುಮ್ಮನಾಗುತ್ತಿದ್ದಳು. ಅವನ ತುಟಿ ಆಡಿ ನಿಲ್ಲುವವರೆಗೂ ಕಾದು, ಆಮೇಲೆ ಉತ್ತರ ಕೊಡುತ್ತಿದ್ದಳು.

‘ಅವನ ಮಾತು ಯಾಕೆ ಬಿಡ್ತಿದೀಯಕ್ಕಾ?’

‘ಅದು ಇವರದ್ದು ಕಣೋ,’ ಎಂದಳು ಪರದೆಯಿಂದ ಕಣ್ಣು ತೆಗೆಯದೆ. ‘ದನಿ ಬಂದ್ಮೇಲೆ ಇವರೇ ಹೇಳ್ತಾರೆ.’