ಕೆರುಬೊ ಅಮ್ಮನ ಒಲೆ

ಕೆರುಬೊ ಅಮ್ಮ ತೀರಿಕೊಂಡ ಸುದ್ದಿ ಮುಕುರು ಕೊಳೆಗೇರಿಯ ತಗಡಿನ ಮನೆಗಳಿಗೆ ಬೆಳಗಿನ ಚಹಾಕ್ಕಿಂತ ಮೊದಲೇ ಮುಟ್ಟಿತು. ಮೆಕ್ಕೆಜೋಳ, ಕಾಳು ಬೇಯಿಸಿದ ಅವಳ ಗಿಥೇರಿ ಉಂಡು ಬೆಳೆದ ಓಣಿ ಅದು. ಅದೇ ಓಣಿಯ ಹುಡುಗ ಒಮ್ವೆಂಗಾನೂ ಅತ್ತ, ಅಮ್ಮ ಅವನ ದೊಡ್ಡ ವೈರಿಯಾಗಿದ್ದರೂ.

ಓಣಿಯ ಪಾಯಿಖಾನೆಯ ಹೊಲಸಿನಿಂದ ಅನಿಲ ತೆಗೆದು, ಎಲ್ಲರಿಗೂ ಹೊಗೆಯಿಲ್ಲದ ಅಡುಗೆಮನೆ ಕಟ್ಟಿದವನು ಅವನು. "ಅದ್ರಲ್ಲಿ ಬೇಯಿಸಿದ್ದು ಉಣ್ಣೋದಾ? ಥೂ!" ಎಂದು ಅಮ್ಮ ಉಗಿದ ಮೇಲೆ ಅಲ್ಲಿಗೆ ಬೆಕ್ಕೂ ಕಾಲಿಡಲಿಲ್ಲ. ಆದರೂ ದಿನಾ ಅನಿಲ ಕಡಿಮೆಯಾಗುತ್ತಿತ್ತು. ಸೋರುತ್ತಿದೆಯೆಂದು ಅವನು ಕೊಳವೆಗಳಿಗೆ ಬಟ್ಟೆ ಸುತ್ತುತ್ತಾ ಬಂದಿದ್ದ; ಈಗ ಅವು ಮೂಳೆ ಮುರಿದವರಂತೆ ಕಾಣುತ್ತಿದ್ದವು. ಇಂದು ಸಂಜೆಯೊಳಗೆ ಯಾರೂ ಪಾತ್ರೆ ಇಡದಿದ್ದರೆ ಅಡುಗೆಮನೆಗೆ ಬೀಗ ಎಂದು ಓಣಿಯ ಹಿರಿಯ ಮಸಾಕು ಹೇಳಿಬಿಟ್ಟಿದ್ದರು.

ಹೆಂಗಸು ಸತ್ತರೆ ವರ್ಷದ ಪ್ರಾರ್ಥನೆ ಮುಗಿಯುವವರೆಗೆ ಅವಳು ಬೇಯಿಸುತ್ತಿದ್ದ ಒಲೆಯನ್ನು ಅಲ್ಲಿ ಯಾರೂ ಹೊತ್ತಿಸುವುದಿಲ್ಲ. ಬಂದವರ ಊಟದ ಹೊಣೆ ನೆರೆಯವರದೇ. ಪಕ್ಕದ ಮನೆಯ ಮ್ವೆಂಡೆ ಒಲೆ ಹೂಡಿದಳು. ಇದ್ದಿಲು ಮಳೆಗೆ ನೆನೆದಿತ್ತು. ಹೊಗೆಯ ಕಣ್ಣೀರು ಯಾವುದು, ದುಃಖದ್ದು ಯಾವುದು ತಿಳಿಯದಾಯಿತು.

"ಕೊಡಕ್ಕ, ಗೆಳೆಯನ ಮನೇಲಿ ಬೇಯಿಸ್ಕೊಂಡು ಬರ್ತೀನಿ" ಎಂದು ಒಮ್ವೆಂಗಾ ಹಂಡೆ ಹೊತ್ತು ನೇರ ತನ್ನ ಅಡುಗೆಮನೆಗೆ ನಡೆದ.

ಮಧ್ಯಾಹ್ನ ಎಲ್ಲರೂ ಬೆರಳು ಚೀಪಿದರು. "ಅಮ್ಮನ ಕೈರುಚೀನೇ ಕಣೋ!" ಎಂದಳು ಮ್ವೆಂಡೆ.

ಒಮ್ವೆಂಗಾನಿಗೆ ತಡೆಯಲಾಗಲಿಲ್ಲ. "ಬೇಯಿಸಿದ್ದು ನನ್ನ ಅನಿಲದಲ್ಲಿ!"

ಕೈಗಳು ಬಾಯಿಯ ಹತ್ತಿರವೇ ನಿಂತವು. ಮ್ವೆಂಡೆ ಸೌಟು ಎತ್ತಿದಳು. "ಸತ್ತ ಮನೇಲಿ ಇಂಥ ಕೆಲಸಾನಾ, ಮುಠ್ಠಾಳ?"

ಆಗ ಅಮ್ಮನ ಗಂಡ ನ್ಯಾಮ್ವೇಯಾ ಅಜ್ಜ ಬಿಕ್ಕುತ್ತಲೇ ನಕ್ಕ. ಹೆಂಡತಿಯ ಹಳೇ ಹೊದಿಕೆಯ ಸೆರಗಿನ ಗಂಟು ಬಿಚ್ಚಿ ಒಂದು ಕೀಲಿಕೈ ತೆಗೆದ.

"ನಿನ್ನ ಅಡುಗೆಮನೆಯ ಇನ್ನೊಂದು ಕೀಲಿ ಕಳ್ಕೊಂಡೆ ಅಂತ ಹುಡುಕಿದ್ಯಲ್ಲ ಮಗಾ, ಇದೇ. ದಿನಾ ಮಬ್ಬಲ್ಲೇ ನಿನ್ನಲ್ಲಿ ಬೇಯಿಸ್ಕೊಂಡು ಬರ್ತಿದ್ಲು. ಎಲ್ಲರೂ ಬಂದ್ರೆ ತನಗೆ ಒಲೆ ಸಿಗಲ್ಲ ಅಂತ ಬೈತಿದ್ಲು. ನೀವೆಲ್ಲ ಇಷ್ಟು ದಿನ ಉಂಡದ್ದೂ ಅದನ್ನೇ!"

ಸಾವಿನ ಮನೆ ಎಂಬುದನ್ನೂ ಮರೆತು ಜನ ನಕ್ಕರು. ಮ್ವೆಂಡೆ ಇನ್ನೊಂದು ಸೌಟು ಬಡಿಸಿಕೊಂಡಳು. ಒಮ್ವೆಂಗಾ ಹಿಗ್ಗಿದ. "ಹಾಗಾದ್ರೆ ನಾಳೆಯಿಂದ ಎಲ್ಲರೂ..."

"ತಡಿ" ಎಂದು ಮಸಾಕು ಎದ್ದು ಟೋಪಿ ತೆಗೆದರು. "ಅಂದ್ರೆ ಅದು ಕೆರುಬೊಳ ಒಲೆ. ಹೊತ್ತಿಸಿದ್ದೇ ತಪ್ಪಾಯ್ತು. ವರ್ಷದ ಪ್ರಾರ್ಥನೆ ಆಗೋವರೆಗೆ ಬೀಗ ಹಾಕು."

ಸಂಜೆ ಒಮ್ವೆಂಗಾ ತನ್ನ ಕೈಯಾರೆ ಬೀಗ ಜಡಿದ. ಓಣಿಯೆಲ್ಲ ಆ ಬಾಗಿಲ ಮುಂದೆ ತಲೆಬಾಗಿ ನಿಂತಿತು. ಅವನೂ ಕಣ್ಣು ಮುಚ್ಚಿದ.

"ಕರ್ತನೇ, ಕೆರುಬೊ ಅಮ್ಮನಿಗೆ ನಿನ್ನ ಮಡಿಲಲ್ಲಿ ಶಾಂತಿ ಕೊಡು. ಅಲ್ಲಿಯೂ ಅವಳ ಕಣ್ಣಿಗೆ ಹೊಗೆ ತಾಗದಿರಲಿ. ಆಮೆನ್."